ಮನುಷ್ಯರ ಹತ್ತಿರ ಸಹಾಯ ಕೇಳಿದರೆ ದೇವರನ್ನು ನಂಬಲಿಲ್ಲ ಅಂತ ಆಗುತ್ತಾ?

ಕಪಿಲಾ ತೀರ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮದು ನಂಜನಗೂಡಿನ ಹತ್ತಿರ. ನಮ್ಮ ಯಜಮಾನರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಒಂದು ಪಾಳಿಯನ್ನೇ ನಿಲ್ಲಿಸಿಬಿಟ್ಟರು. ಅದರಲ್ಲಿ ಇವರ ಕೆಲಸವೂ ಹೋಯಿತು. ಬಾಡಿಗೆ, ಮಗಳ ಸ್ಕೂಲ್ ಫೀಸು, ಸಂಘದ ಸಾಲದ ಕಂತು ಎಲ್ಲಾ ಒಟ್ಟಿಗೆ ಬಂದು ನಿಂತಿವೆ. ಪ್ರಾರ್ಥನೆ ಬಿಟ್ಟಿಲ್ಲ.

ನಾವು ಹೋಗುವ ಕೂಟದಲ್ಲಿ ಒಬ್ಬ ಹಿರಿಯರಿದ್ದಾರೆ. ಮನುಷ್ಯರ ಹತ್ತಿರ ಕೈ ಚಾಚಿದರೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ, ಕೊರತೆಯನ್ನು ಬಾಯಲ್ಲಿ ಹೇಳಿದರೆ ಆಶೀರ್ವಾದ ನಿಂತುಹೋಗುತ್ತದೆ ಅನ್ನುತ್ತಾರೆ. ಇನ್ನೊಬ್ಬರು, ಕೈಯಲ್ಲಿ ಇರೋದನ್ನು ಮೊದಲು ಕಾಣಿಕೆಯಾಗಿ ಬಿತ್ತಿ, ನೂರರಷ್ಟು ವಾಪಸ್ ಬರುತ್ತದೆ ಅಂದರು. ಈ ಕಡೆ ನನ್ನ ತಮ್ಮ ಎರಡು ಮೂರು ತಿಂಗಳು ನಾನು ನೋಡಿಕೊಳ್ತೀನಿ ಅಕ್ಕ ಅಂತಿದ್ದಾನೆ. ತಗೊಳ್ಳೋಕೆ ಮನಸ್ಸು ಹಿಂದೇಟು ಹಾಕುತ್ತಿದೆ. ತಗೊಂಡರೆ ದೇವರಿಗಾಗಿ ಕಾಯಲಿಲ್ಲ ಅಂತ ಆಗುತ್ತಾ? ದಯವಿಟ್ಟು ವಾಕ್ಯದ ಆಧಾರ ಇಟ್ಟು ಹೇಳಿ. ಬರೀ ಸಮಾಧಾನದ ಮಾತು ಬೇಡ, ಅದು ಸಾಕಷ್ಟು ಸಿಕ್ಕಿದೆ.

ಬೆಟಗೇರಿ ಮಾಸ್ತರ

ತಂಗಿ, ಎರಡನೇ ಅರಸುಗಳು 4ನೇ ಅಧ್ಯಾಯ ತೆಗೆದು ಓದವ್ವ. ಮೊದಲ ಏಳು ವಚನ ಸಾಕು. ಪ್ರವಾದಿಗಳ ಮಂಡಳಿಯವನೊಬ್ಬನ ಹೆಂಡತಿ. ಗಂಡ ಸತ್ತಿದ್ದಾನೆ. ಸಾಲ ಕೊಟ್ಟವನು ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದಾನೆ. ಆಕೆ ಮಾಡಿದ ಮೊದಲ ಕೆಲಸ ಏನು? ಪ್ರವಾದಿ ಎಲೀಷನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. "ಕೊರತೆ ಅನ್ನಬೇಡ" ಅಂತ ಎಲೀಷ ಬೈಯಲಿಲ್ಲ. ಮನೆಯಲ್ಲಿ ಏನಿದೆ ಅಂತ ಕೇಳಿದ. ಸ್ವಲ್ಪ ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ. ಹಾಗಾದರೆ ನೆರೆಮನೆಯವರೆಲ್ಲರ ಹತ್ತಿರ ಖಾಲಿ ಪಾತ್ರೆ ಕೇಳಿ ತಾ, ಕಡಿಮೆ ತರಬೇಡ ಅಂದ.

ಎಣ್ಣೆ ದೇವರದ್ದು. ಪಾತ್ರೆ ಓಣಿಯವರದ್ದು. ಪಾತ್ರೆ ಮುಗಿದಾಗಲೇ ಎಣ್ಣೆಯೂ ನಿಂತಿತು. ಮನೆಮನೆಗೆ ಹೋಗಿ ಪಾತ್ರೆ ಕೇಳುವಾಗ ಆಕೆಗೂ ನಾಚಿಕೆ ಆಗಿರಬೇಕು, ಅಲ್ವಾ? ಆದರೂ ದೇವರ ಮನುಷ್ಯನೇ ಆಕೆಯನ್ನು ಆ ಬಾಗಿಲುಗಳಿಗೆ ಕಳಿಸಿದ. ಕೊನೆಗೆ ಹೇಳಿದ್ದೂ ನೋಡು: ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಬದುಕು. ಪವಾಡ ಆದ ಮೇಲೂ ಸಂತೆಗೆ ಹೋಗೋದು ತಪ್ಪಲಿಲ್ಲ.

ತಮ್ಮ ಕೊಡೋದನ್ನು ತಗೋ. ಅದರಲ್ಲಿ ವಿಚಾರ ಮಾಡೋದು ಏನೂ ಇಲ್ಲ.

ನಿರೀಕ್ಷೆ 77

ಮಾಸ್ತರರೇ, ಗೌರವದಿಂದಲೇ ಒಪ್ಪುವುದಿಲ್ಲ ಅಂತ ಹೇಳುತ್ತೇನೆ. ಜಾರ್ಜ್ ಮುಲ್ಲರ್ ಬಗ್ಗೆ ಎಲ್ಲರೂ ಕೇಳಿದ್ದೀರಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದರು. ಒಬ್ಬ ಮನುಷ್ಯನ ಹತ್ತಿರವೂ ಹಣ ಕೇಳಲಿಲ್ಲ, ಮೊಣಕಾಲೂರಿ ದೇವರ ಹತ್ತಿರ ಮಾತ್ರ ಕೇಳಿದರು. ಬರಗಾಲದಲ್ಲಿ ಪ್ರವಾದಿ ಎಲೀಯನಿಗೆ ಕಾಗೆಗಳು ರೊಟ್ಟಿ ತಂದವು. ಅವನು ಯಾರ ಮನೆ ಬಾಗಿಲು ತಟ್ಟಿದ? ಈಗಿನ ವಿಶ್ವಾಸಿಗಳಿಗೆ ಮೊದಲು ಫೋನು, ಆಮೇಲೆ ಪ್ರಾರ್ಥನೆ. ಸಹೋದರಿ ಪ್ರಶ್ನೆ ಕೇಳಿದ್ದೇ ಅವರ ಮನಸ್ಸಾಕ್ಷಿ ಜೀವಂತ ಇದೆ ಅನ್ನೋದಕ್ಕೆ ಗುರುತು. ಅದನ್ನು ಹಗುರ ಮಾಡಬೇಡಿ.

ಮಲ್ಲೇಶ್ವರದ ಪುಸ್ತಕದ ಹುಳ

ಮುಲ್ಲರ್ ಹೆಸರು ಬಂದದ್ದು ಒಳ್ಳೆಯದಾಯಿತು. ಅವರ ಬಗ್ಗೆ ನಾವು ಕೇಳೋದು ಯಾವಾಗಲೂ ಅರ್ಧ ಕಥೆ.

1805ರಲ್ಲಿ ಪ್ರಶ್ಯದಲ್ಲಿ (ಈಗಿನ ಜರ್ಮನಿ) ಹುಟ್ಟಿದವರು. ಮೊದಲ ಅನಾಥಾಲಯ ತೆರೆದದ್ದು 1836ರಲ್ಲಿ, ವಿಲ್ಸನ್ ಸ್ಟ್ರೀಟಿನ ಬಾಡಿಗೆ ಮನೆಯಲ್ಲಿ. 1849ರಿಂದ ಆಶ್ಲಿ ಡೌನ್ ಗುಡ್ಡದ ಮೇಲೆ ಒಂದೊಂದಾಗಿ ಐದು ದೊಡ್ಡ ಕಟ್ಟಡ ಎದ್ದವು. 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹತ್ತು ಸಾವಿರದಷ್ಟು ಮಕ್ಕಳು ಅಲ್ಲಿ ಬೆಳೆದಿದ್ದರು. ಹಣ ಕೇಳುವುದಿಲ್ಲ, ಸಾಲ ಮಾಡುವುದಿಲ್ಲ ಅನ್ನೋದು ಅವರ ನಿಯಮ. ಇದೆಲ್ಲ ನಿಜ.

ಆದರೆ ಅವರು ಪ್ರತಿ ವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು. ಯಾವ ದಿನ ಎಷ್ಟು ಬಂತು, ಎಷ್ಟು ಖರ್ಚಾಯಿತು, ಯಾವ ದಿನ ಕೈಯಲ್ಲಿ ಕಾಸಿರಲಿಲ್ಲ, ಎಲ್ಲ ಅದರಲ್ಲಿ ಇರುತ್ತಿತ್ತು. ಓದಿದವರು ಕೊಡುತ್ತಿದ್ದರು. ವರದಿ ಅಚ್ಚು ಹಾಕೋದೂ ಒಂಥರಾ ಕೇಳೋದೇ ಅಲ್ಲವೇ ಅಂತ ಆಗಲೇ ಆಕ್ಷೇಪ ಇತ್ತು. ಮುಲ್ಲರ್‌ಗೂ ಈ ಅಳುಕು ಇದ್ದಿರಬೇಕು. 1841ರ ಕೊನೆಯಲ್ಲಿ ತುಂಬಾ ಕಷ್ಟ ಇದ್ದಾಗ, ಕೇಳಿದ ಹಾಗೆ ಆಗಬಾರದು ಅಂತಲೇ ವಾರ್ಷಿಕ ಸಭೆಯನ್ನೂ ವರದಿಯನ್ನೂ ಮುಂದಕ್ಕೆ ಹಾಕಿದರು. ಆ ನಿಷ್ಠೆ ದೊಡ್ಡದು. ಆದರೆ ಅದು ಅವರು ತಮಗೆ ತಾವೇ ಹಾಕಿಕೊಂಡ ನಿಯಮ. ಕೆಲಸ ಹೋದ ಕೂಲಿಯವನಿಗೆ ಅದನ್ನು ಆಜ್ಞೆ ಮಾಡಲು ಬರುವುದಿಲ್ಲ.

ಇನ್ನೊಂದು ವಿಷಯ. ಆ ಮಕ್ಕಳ ಕಡೆಯಿಂದ ನೋಡಿ. ಅವರಿಗೆ ದೇವರು ಒದಗಿಸಿದ್ದು ಯಾರ ಕೈಯಿಂದ? ಊಟ ಬಡಿಸಿದ್ದು ಮನುಷ್ಯರೇ. ದೇವರನ್ನು ನಂಬಿದ ಒಬ್ಬ ಮನುಷ್ಯ ಅಷ್ಟು ಮಕ್ಕಳ ಪಾಲಿನ ಕಾಗೆಯಾದ.

ಅಂದಹಾಗೆ, ಎಲೀಯ ಯಾರ ಬಾಗಿಲು ತಟ್ಟಿದ ಅಂದಿರಲ್ಲ? ಕಾಗೆಗಳ ಕಥೆ ಇರುವ ಒಂದನೇ ಅರಸುಗಳು 17ನೇ ಅಧ್ಯಾಯವನ್ನೇ ಮುಂದಕ್ಕೆ ಓದಿ. ಕೆರೀತ್ ಹಳ್ಳ ಬತ್ತಿದ ಮೇಲೆ ದೇವರೇ ಅವನನ್ನು ಚಾರೆಪ್ತದ ವಿಧವೆಯ ಹತ್ತಿರ ಕಳಿಸಿದರು. ಸೌದೆ ಆರಿಸುತ್ತಿದ್ದವಳ ಹತ್ತಿರ ಮೊದಲು ನೀರು ಕೇಳಿದ, ಆಮೇಲೆ ರೊಟ್ಟಿ ಕೇಳಿದ. ಅದೂ ಪರದೇಶದ, ಬಡವಿಯಾದ ಒಬ್ಬ ಹೆಂಗಸಿನ ಹತ್ತಿರ.

ಶಾರ್ಜಾ ಶುಕ್ರವಾರ

ಅಕ್ಕಾ, "ನೂರರಷ್ಟು" ಅಂದವರಿಗೆ ಮಾರ್ಕ 10:30 ಪೂರ್ತಿ ಓದಲು ಹೇಳಿ. ನೂರರಷ್ಟು ಏನು ಸಿಗುತ್ತದೆ? ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ಮಕ್ಕಳು, ಭೂಮಿ, ಜೊತೆಗೆ ಹಿಂಸೆಗಳು. ಆ ಕೊನೆಯ ಮಾತನ್ನು ಯಾರೂ ಸ್ಟೇಜ್ ಮೇಲೆ ಓದಲ್ಲ. ನೂರು ತಾಯಂದಿರು ಅಂದರೆ ಏನು? ನಿಮ್ಮ ಮಗಳಿಗೆ ಊಟ ಹಾಕುವ ನೂರು ಮನೆ ಸಭೆಯಲ್ಲಿ ಇರಬೇಕು ಅಂತ ನನಗೆ ಅರ್ಥವಾಗುತ್ತದೆ. ಬ್ಯಾಂಕಿಗೆ ನೂರು ಪಟ್ಟು ಬೀಳುತ್ತೆ ಅಂತ ಅಲ್ಲ.

ಬಿತ್ತುವವನ ಸಾಮ್ಯದಲ್ಲಿ ಬೀಜ ಏನು ಅಂತ ಯೇಸುವೇ ಹೇಳಿದ್ದಾರೆ. ಬೀಜ ಅಂದರೆ ದೇವರ ವಾಕ್ಯ. ರೂಪಾಯಿ ಅಂತ ಎಲ್ಲೂ ಇಲ್ಲ.

ತನ್ನಲ್ಲಿದ್ದ ಎರಡು ಕಾಸನ್ನೂ ಕಾಣಿಕೆ ಹಾಕಿದ ವಿಧವೆಯ ಕಥೆಯೂ ಹೀಗೇ ದುರುಪಯೋಗ ಆಗುತ್ತದೆ. ಮಾರ್ಕ 12ರಲ್ಲಿ ಆಕೆ ಕಾಣಿಕೆ ಹಾಕುವ ಮುಂಚಿನ ವಚನ ನೋಡಿ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಎಚ್ಚರಿಕೆ ಇದೆ. ಎರಡನ್ನೂ ಒಟ್ಟಿಗೆ ಓದಿದರೆ, ಬಾಡಿಗೆ ದುಡ್ಡನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿಸಿಕೊಳ್ಳೋಕೆ ಯಾರಿಗೂ ಧೈರ್ಯ ಬರಬಾರದು.

ಇಲ್ಲಿ ಗಲ್ಫ್‌ನಲ್ಲೂ ಇದನ್ನೇ ನೋಡುತ್ತೇವೆ. ಕೆಲಸ ಹೋದವನು ಸಭೆಗೆ ಬರೋದು ನಿಲ್ಲಿಸುತ್ತಾನೆ. ಕಾರಣ ಕೇಳಿದರೆ, ಸಾಕ್ಷಿ ಹೇಳೋಕೆ ಏನೂ ಇಲ್ಲ ಬ್ರದರ್ ಅಂತಾನೆ. ಗೆದ್ದವನು ಮಾತ್ರ ಮೈಕ್ ಹಿಡಿಯುವ ಸಭೆ ಎಂಥ ಸಭೆ?

ಜೆಪ್ಪು ಹೆಂಚು

ಮಂಗಳೂರಿನವನಾದ ಕಾರಣ ಇದೊಂದು ಹೇಳಲೇಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಕ್ರಿಸ್ತನನ್ನು ಒಪ್ಪಿದವರಿಗೆ ಮೊದಲು ಹೋಗುತ್ತಿದ್ದದ್ದೇ ಹೊಟ್ಟೆಪಾಡು. ಜಾತಿ ಬಿಟ್ಟಾಗ ಕುಲಕಸುಬು ಹೋಯಿತು. ಗೇಣಿ ಭೂಮಿ ಹೋಯಿತು. ಮನೆಯವರೂ ದೂರ ಮಾಡಿದರು. 1834ರಲ್ಲಿ ಬಂದ ಬಾಸೆಲ್ ಮಿಷನ್ ಎಂಬ ಸ್ವಿಸ್-ಜರ್ಮನ್ ಕ್ರೈಸ್ತ ಸಂಸ್ಥೆಯವರ ಮುಂದೆ ಈ ಪ್ರಶ್ನೆ ದಿನಾ ಬರುತ್ತಿತ್ತು. ಪ್ರಾರ್ಥನೆ ಮಾಡಿ, ದೇವರು ಒದಗಿಸ್ತಾರೆ ಅಂತ ಕಳಿಸಿಬಿಡಬಹುದಿತ್ತು. ಅದರ ಬದಲು ಮಗ್ಗ ಹಾಕಿದರು, ಅಚ್ಚುಕೂಟ ಇಟ್ಟರು. ಬೇಸಾಯ ಮಾಡಿಸಲು ಹೋಗಿ ಕೈ ಸುಟ್ಟುಕೊಂಡದ್ದೂ ಇದೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಡದ ಜೇಡಿಮಣ್ಣೇ ಎಷ್ಟೋ ಮನೆಗಳಿಗೆ ಅನ್ನ ಆಯಿತು. ಮಂಗಳೂರು ಹೆಂಚು ಅಂತ ಹೆಸರಾದದ್ದು ಹಾಗೆ.

ಎಲ್ಲಾ ಚೆಂದ ಇತ್ತು ಅಂತ ಹೇಳೋದಿಲ್ಲ. ಧಣಿಯೂ ಮಿಷನ್, ಸಭೆಯೂ ಮಿಷನ್ ಆದರೆ ಆಳಿಗೆ ಬಾಯಿ ಬಿಡುವುದು ಕಷ್ಟ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಇಟ್ಟಿತು. ಕಾರ್ಖಾನೆಗಳು ಮಿಷನ್ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಮಿಷನ್ ಇದೆಯಲ್ಲ ಅಂತ ನಂಬಿ ಕೂತವರಿಗೆ ಆಗ ದಿಕ್ಕು ತೋಚಿರಲಿಕ್ಕಿಲ್ಲ. ಆದರೂ ಸಭೆ ಉಳಿಯಿತು.

ನಾನು ಹೇಳುವುದು ಇಷ್ಟೇ. ನಮ್ಮ ಕರಾವಳಿಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ "ದೇವರು ಒದಗಿಸಿದರು" ಅನ್ನುವ ಮಾತಿನ ಹಿಂದೆ ಒಂದು ಹೆಂಚು ಸುಡುವ ಗೂಡು, ಒಂದು ಮಗ್ಗ, ಒಂದು ಸಂಬಳದ ಪಟ್ಟಿ ಇದೆ.

ಇದೂ ಒಂದು ಮಾತು

ಎಲ್ಲರೂ ಒದಗಿದ ಕಥೆಯನ್ನೇ ಹೇಳುತ್ತಿದ್ದೀರಿ. ಒದಗದೇ ಇದ್ದವರು?

ಲೂಕ 4ರಲ್ಲಿ ಯೇಸುವೇ ಹೇಳಿದ್ದು ನೆನಪಿದೆಯಾ? ಎಲೀಯನ ಕಾಲದಲ್ಲಿ ಮೂರೂವರೆ ವರ್ಷ ಮಳೆ ಇಲ್ಲದೆ ಘೋರ ಬರ ಬಂದಾಗ ಇಸ್ರಾಯೇಲಿನಲ್ಲಿ ಬಹಳ ವಿಧವೆಯರು ಇದ್ದರು. ಅವರಲ್ಲಿ ಒಬ್ಬಳ ಹತ್ತಿರಕ್ಕೂ ಎಲೀಯನನ್ನು ಕಳಿಸಲಿಲ್ಲ. ಆ ವಿಧವೆಯರ ಮಡಕೆಯಲ್ಲಿ ಹಿಟ್ಟು ಮುಗಿದಿರಬೇಕು ತಾನೆ? ಅವರೂ ಪ್ರಾರ್ಥನೆ ಮಾಡಿರಲಿಲ್ಲವಾ?

ನಮ್ಮಪ್ಪ ಸಾಲ ತೀರಿಸುತ್ತಲೇ ತೀರಿಕೊಂಡರು. ಅವರಷ್ಟು ಪ್ರಾರ್ಥನೆ ಮಾಡಿದವರನ್ನು ನಾನು ನೋಡಿಲ್ಲ. ನೀತಿವಂತನ ಸಂತಾನ ಭಿಕ್ಷೆ ಬೇಡುವುದನ್ನು ನೋಡಲಿಲ್ಲ ಅಂತ 37ನೇ ಕೀರ್ತನೆಯಲ್ಲಿ ಇದೆ. ದಾವೀದ ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಸಭೆ ಬಿಟ್ಟಿಲ್ಲ ನಾನು, ಈಗಲೂ ಹೋಗುತ್ತೇನೆ. ಆದರೆ ಈ ಸಹೋದರಿಗೆ "ಖಂಡಿತ ಒದಗುತ್ತೆ" ಅಂತ ಗ್ಯಾರಂಟಿ ಬರೆದುಕೊಡಬೇಡಿ.

ಬೆಟಗೇರಿ ಮಾಸ್ತರ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಪ್ಪ. ಇದೆ ಅಂದವರನ್ನು ನಾನು ನಂಬೋದೂ ಇಲ್ಲ. ಎಲ್ಲವನ್ನೂ ಕಳಕೊಂಡ ಯೋಬನ ಸ್ನೇಹಿತರು ಮೊದಲ ಏಳು ದಿನ ಬಾಯಿ ಮುಚ್ಚಿ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಷ್ಟು ದಿನ ಸರಿಯಾಗೇ ಇದ್ದರು.

ಇಬ್ರಿಯ 11ನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಸಿಂಹಗಳ ಬಾಯಿ ಕಟ್ಟಿದರು, ಬೆಂಕಿಯ ಬಲ ಆರಿಸಿದರು, ಆಮೆನ್. ಅಲ್ಲಿಂದ ಮುಂದೆ ಬೇರೆ ಕೆಲವರು ಬರುತ್ತಾರೆ. ಕುರಿಚರ್ಮ ಮೇಕೆಚರ್ಮ ಹೊದ್ದು, ಕೊರತೆ ಪಟ್ಟು, ಗುಹೆಗಳಲ್ಲಿ ಅಲೆದವರು. ಅವರ ನಂಬಿಕೆ ಕಡಿಮೆ ಇತ್ತು ಅಂತ ಪತ್ರ ಹೇಳುವುದಿಲ್ಲ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿದೆ.

ಪ್ರವಾದಿ ಹಬಕ್ಕೂಕನೂ ಹಾಗೇ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಇಲ್ಲ, ಎಣ್ಣೆಮರದ ಫಲ ಇಲ್ಲ, ಹೊಲದಲ್ಲಿ ಬೆಳೆ ಇಲ್ಲ, ಹಟ್ಟಿಯಲ್ಲಿ ಕುರಿ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ. ಬಾಬಿಲೋನಿನ ದಂಡು ಬರುತ್ತದೆ ಅಂತ ಗೊತ್ತಿದ್ದೂ "ಆದರೂ ನಾನು ಕರ್ತನಲ್ಲಿ ಉಲ್ಲಾಸಿಸುವೆನು" ಅಂತಾನೆ. ಆ "ಆದರೂ" ಅನ್ನೋದು ನನಗೂ ಎಲ್ಲಾ ದಿನ ಬಾಯಿಗೆ ಬರುವುದಿಲ್ಲ.

ನಿಮ್ಮ ತಂದೆಯವರ ಬಗ್ಗೆ ಬರೆದದ್ದಕ್ಕೆ ಕೃತಜ್ಞ.

ಕಾರ್ಕಳದವಳು

ಪಂಡಿತಾ ರಮಾಬಾಯಿಯವರನ್ನು ಇಲ್ಲಿ ಯಾರಾದರೂ ನೆನಪು ಮಾಡುತ್ತೀರಿ ಅಂತ ಕಾಯುತ್ತಿದ್ದೆ. ಹುಟ್ಟಿದ್ದು 1858ರಲ್ಲಿ, ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1870ರ ದಶಕದ ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರನ್ನೂ ಕಳಕೊಂಡರು. ಊರೂರು ತೀರ್ಥಯಾತ್ರೆ ಮಾಡುತ್ತಾ, ತಿನ್ನಲು ಇಲ್ಲದೆ. ಮೇಲೆ "ಇದೂ ಒಂದು ಮಾತು" ಅಣ್ಣ ಕೇಳಿದ ಪ್ರಶ್ನೆ ಆಕೆಗೂ ಇದ್ದಿರಲೇಬೇಕು.

ಮುಂದೆ ಕ್ರೈಸ್ತರಾದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಹತ್ತು ವರ್ಷ ಹಣ ಕೊಡುತ್ತೇವೆ ಅಂತ ಅಮೆರಿಕದ ಸ್ನೇಹಿತರು ಮಾತು ಕೊಟ್ಟಿದ್ದರು. ಹತ್ತು ವರ್ಷ ಆದ ಮೇಲೆ ಏನು? ಅದಕ್ಕೇ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಜಮೀನು ಕೊಂಡು ಹಣ್ಣಿನ ಗಿಡ ಹಾಕಿಸಿದರು. ಮುಲ್ಲರ್ ಬಗ್ಗೆ ಓದಿ, ದೇವರೊಬ್ಬರನ್ನೇ ನೆಚ್ಚಬೇಕು ಅಂದುಕೊಂಡವರು ಇವರೇ. ಗಿಡ ನೆಟ್ಟವರೂ ಇವರೇ. ಎರಡರ ನಡುವೆ ಆಕೆಗೆ ಜಗಳ ಕಾಣಲಿಲ್ಲ.

1896–97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ತಾನೇ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು, ಮುನ್ನೂರರ ಆಸುಪಾಸು. ಅವರನ್ನೆಲ್ಲ ಇರಿಸಲು ಜಾಗ ಸಿಕ್ಕಿದ್ದು ಆ ತೋಟದಲ್ಲೇ. ಮುಕ್ತಿ ಸದನ ಬೆಳೆದದ್ದು ಹೀಗೆ. ಬರ ತನ್ನ ಮನೆಯವರನ್ನು ತಿಂದದ್ದು ಯಾಕೆ ಅನ್ನೋದಕ್ಕೆ ಆಕೆಗೆ ಉತ್ತರ ಸಿಕ್ಕಿತ್ತೋ ಇಲ್ಲವೋ. ಮುಂದಿನ ಬರಕ್ಕೆ ಇನ್ನೊಬ್ಬರ ಮಗಳು ಸಿಗದ ಹಾಗೆ ನೋಡಿಕೊಂಡರು.

ಕಪಿಲಾ ತೀರ

ಎಲ್ಲರ ಮಾತೂ ಓದಿದೆ. ಯಜಮಾನರಿಗೂ ಓದಿ ಹೇಳಿದೆ. "ಇದೂ ಒಂದು ಮಾತು" ಅಣ್ಣ, ನೀವು ಬರೆದದ್ದು ನನಗೆ ಜಾಸ್ತಿ ಧೈರ್ಯ ಕೊಟ್ಟಿತು. ಯಾಕೆ ಅಂತ ಗೊತ್ತಿಲ್ಲ.

ತಮ್ಮನ ಸಹಾಯ ತಗೊಳ್ಳೋದು ಅಂತ ತೀರ್ಮಾನ ಮಾಡಿದ್ದೇವೆ. ಆದರೆ ಸಭೆಯಲ್ಲಿ ಕೇಳೋಕೆ ಇನ್ನೂ ಕಷ್ಟ. ನಮ್ಮ ಕೂಟದಲ್ಲಿ ಯಾರಿಗಾದರೂ ಸಹಾಯ ಮಾಡಿದರೆ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾರೆ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ. ಮಗಳು ದೊಡ್ಡವಳಾಗುತ್ತಿದ್ದಾಳೆ. ಅವಳಿಗೆ ನೋವಾಗುತ್ತದೆ.

ಕೊಡಿಯಾಲ್ ಬಾಯಿ

ಫೋಟೋ ತೆಗೆಯೋದು ಸರ್ವಥಾ ತಪ್ಪು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಮತ್ತಾಯ 6ರಲ್ಲೇ ಇದೆ. ಆಕಾಶದ ಹಕ್ಕಿಗಳೂ ಅಡವಿಯ ಹೂಗಳೂ ಬರುವ ಅಧ್ಯಾಯವೂ ಅದೇ. ಹಕ್ಕಿ ಹೂವು ಎಲ್ಲರಿಗೂ ಬಾಯಿಪಾಠ, ಎಡಗೈ ಮಾತ್ರ ಮರೆತುಹೋಗುತ್ತದೆ!

ನಾವು ಕಥೊಲಿಕರು. ನಮ್ಮ ಕಡೆ ಎಷ್ಟೋ ಚರ್ಚುಗಳಲ್ಲಿ ಸೈಂಟ್ ವಿನ್ಸೆಂಟ್ ಡಿ ಪಾವ್ಲ್ ಸಭೆ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಓಜಾನಂ ಎಂಬ ಕಾಲೇಜು ಹುಡುಗನೂ ಅವನ ಗೆಳೆಯರೂ ಶುರು ಮಾಡಿದ್ದು. ಬಡವರನ್ನು ಕರೆಸಿ ಸಾಲಲ್ಲಿ ನಿಲ್ಲಿಸುವುದಲ್ಲ, ಮನೆಗೆ ಹೋಗಿ ನೋಡಿ ಬರುವುದು ಅವರ ಪದ್ಧತಿ. ಯಾರ ಮನೆಗೆ ಏನು ಹೋಯಿತು ಅಂತ ಹೊರಗೆ ಹೇಳಬಾರದು. ಎಲ್ಲಾ ಕಡೆ ಹಾಗೇ ನಡೆಯುತ್ತದೆ ಅಂತ ಪ್ರಮಾಣ ಮಾಡಲಾರೆ, ಆದರೆ ಕ್ರಮ ಇರುವುದು ಹಾಗೆ.

ಮಿಜೋರಾಂ ಸಭೆಗಳಲ್ಲಿ ಇನ್ನೊಂದು ಕ್ರಮ ಇದೆ. ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ತೆಗೆದು ಸಭೆಗಾಗಿ ಪಕ್ಕಕ್ಕೆ ಇಡುತ್ತಾರೆ. 1910ರಲ್ಲಿ ಶುರುವಾದದ್ದು. ಕಾಸಿಲ್ಲದ ಹೆಂಗಸರೂ ಕೊಡಬಹುದಾದ ಕಾಣಿಕೆ ಅದು. ನಮ್ಮಲ್ಲೂ ಕೆಲವು ಸಭೆಗಳಲ್ಲಿ ಹಿಡಿ ಅಕ್ಕಿ ಕೂಡಿಸುವ ರೂಢಿ ಇತ್ತು. ಈಗ ಎಲ್ಲ ಕ್ಯೂಆರ್ ಕೋಡ್.

ನಿರೀಕ್ಷೆ 77

ಸಹೋದರಿಗೆ ಸಹಾಯ ಬೇಡ ಅಂತ ನಾನು ಹೇಳಲಿಲ್ಲ. ಫೋಟೋ ವಿಷಯದಲ್ಲಿ ನಿಮ್ಮ ಮಾತೇ ಸರಿ. ಆದರೆ ನನ್ನ ಭಯ ಬೇರೆ. ಕೆಲಸ ಮಾಡದವನು ಊಟ ಮಾಡಬಾರದು ಅಂತ ಪೌಲನೇ ಬರೆದಿದ್ದಾನೆ. ಸಭೆ ಕೊಡುತ್ತಾ ಹೋದರೆ ಕೆಲವರು ದೇವರ ಕಡೆ ನೋಡುವುದನ್ನೇ ಬಿಟ್ಟು ಖಜಾಂಚಿ ಕಡೆ ನೋಡುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಮಲ್ಲೇಶ್ವರದ ಪುಸ್ತಕದ ಹುಳ

ಭಯ ಸುಳ್ಳಲ್ಲ. ಆದರೆ ಎರಡನೇ ಥೆಸಲೋನಿಕ 3:10ರಲ್ಲಿ ಇರೋದು ಕೆಲಸ ಮಾಡಲು ಮನಸ್ಸಿಲ್ಲದವನ ಮಾತು. ಕೆಲಸ ಕಳಕೊಂಡವನ ಮಾತಲ್ಲ.

ಅದೇ ಪೌಲ 2 ಕೊರಿಂಥ 8ರಲ್ಲಿ ಏನು ಮಾಡಿದ ನೋಡಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುತ್ತಿದ್ದಾನೆ. ಕೊರಿಂಥದವರ ಹತ್ತಿರ ನೇರವಾಗಿ ಕೇಳುತ್ತಾನೆ, ಸಂಕೋಚ ಇಲ್ಲ. ಕಡು ಬಡತನದಲ್ಲಿದ್ದ ಮಕೆದೋನ್ಯದವರೇ ಕೊಟ್ಟಿದ್ದಾರೆ, ನಿಮಗೇನಾಗಿದೆ ಅನ್ನೋ ಧಾಟಿಯಲ್ಲೇ ಕೇಳುತ್ತಾನೆ. ಆಮೇಲೆ ಮನ್ನದ, ಅಂದರೆ ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರದ, ವಚನ ಎತ್ತುತ್ತಾನೆ: ಬಹಳ ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಸ್ವಲ್ಪ ಕೂಡಿಸಿದವನಿಗೆ ಕಡಿಮೆಯಾಗಲಿಲ್ಲ.

ವಿಮೋಚನಕಾಂಡ 16ರಲ್ಲಿ ಅದು ಆಕಾಶದಿಂದ ಬಿದ್ದದ್ದು. ಒಬ್ಬೊಬ್ಬರಿಗೆ ಒಂದು ಓಮೆರ್ ಅಂತ ದೇವರೇ ಅಳತೆ ಇಟ್ಟರು, ನಾಳೆಗೆ ಅಂತ ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಕೊರಿಂಥದಲ್ಲಿ ಆಕಾಶದಿಂದ ಏನೂ ಬೀಳಲಿಲ್ಲ. ಆದರೂ ಪೌಲನಿಗೆ ಅದೇ ವಚನ ನೆನಪಾಯಿತು. ಮರುಭೂಮಿಯಲ್ಲಿ ದೇವರು ಮಾಡಿದ ಆ ಸಮಪಾಲನ್ನು ಇಲ್ಲಿ ಸಭೆಯವರು ಮಾಡಬೇಕು, ತಮ್ಮ ಜೇಬಿನಿಂದ. ನನಗೆ ಇಡೀ ವಿಷಯದ ಗಂಟು ಇಲ್ಲಿದೆ ಅನಿಸುತ್ತದೆ. ಸಭೆ ಜೇಬಿಗೆ ಕೈ ಹಾಕದಿದ್ದರೆ, ಬಡವನಿಗೆ ದೇವರೇ ಕೈಬಿಟ್ಟ ಹಾಗೆ ಕಾಣುತ್ತದೆ. ಆಗ ಅವನ ನಂಬಿಕೆಯನ್ನು ಪ್ರಶ್ನೆ ಮಾಡೋದು ಅನ್ಯಾಯ. ಉಟ್ಟುಕೊಳ್ಳಲು ಇಲ್ಲದವನಿಗೆ "ಬೆಚ್ಚಗೆ ಇರು, ಹೊಟ್ಟೆ ತುಂಬಿಸಿಕೋ" ಅಂತ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬ ಕೇಳಿದ್ದು ಕೊಡದವರನ್ನು.

ಖಜಾಂಚಿ ವಿಷಯಕ್ಕೂ ಅಲ್ಲೇ ಉತ್ತರ ಇದೆ. ಯಾರೂ ತಪ್ಪು ಹೊರಿಸಬಾರದು ಅಂತ ಪೌಲ ಆ ಹಣ ಸಾಗಿಸುವಾಗ ತನ್ನ ಜೊತೆಗಾರ ತೀತನ ಜೊತೆ ಬೇರೆ ಸಹೋದರರನ್ನೂ ಕಳಿಸಿದ. ಕೊಟ್ಟವರು ಲೆಕ್ಕ ಕೇಳಲಿ. ತಗೊಂಡವರ ಹೆಸರು ಮಾತ್ರ ಕೇಳಬಾರದು.

ಮಂಡ್ಯ ಅಕೌಂಟ್ಸು

ವಾಕ್ಯ ಎಲ್ಲರೂ ಹೇಳಿಯಾಯಿತು. ನಾನು ಕಾಗದಪತ್ರದ ಮಾತು ಹೇಳುತ್ತೇನೆ ಅಕ್ಕ.

ಯಜಮಾನರ ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ವಿಮೆ) ಹಿಡಿಯುತ್ತಿದ್ದರಾ ನೋಡಿ. ಕೆಲಸ ಹೋದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಅಂತ ಯೋಜನೆ ಇದೆ. ಸರಾಸರಿ ದಿನಗೂಲಿಯ ಅರ್ಧದಂತೆ ಗರಿಷ್ಠ 90 ದಿನದವರೆಗೆ ಸಿಗುತ್ತದೆ. ಎಷ್ಟು ಕಾಲ ಹಣ ಕಟ್ಟಿರಬೇಕು ಅನ್ನೋ ಷರತ್ತುಗಳಿವೆ. ಈಗ ಜಾರಿಯಲ್ಲಿ ಇದೆಯಾ ಅಂತ ಹತ್ತಿರದ ಇಎಸ್‌ಐ ಬ್ರಾಂಚ್ ಆಫೀಸಿನಲ್ಲಿ ಮೊದಲು ಕೇಳಿ. ಪಿಎಫ್ ಪಾಸ್‌ಬುಕ್ ಕೂಡ ತೆಗೆದು ನೋಡಿ. ಇದು ನಿಮ್ಮದೇ ದುಡ್ಡು, ಇದನ್ನು ಕೇಳೋಕೆ ಯಾರ ಅಪ್ಪಣೆಯೂ ಬೇಡ.

ಸಂಘದ ಸಾಲ ಅಂದಿರಿ. ಅದು ಮೈಕ್ರೋಫೈನಾನ್ಸ್ ಕಂಪನಿಯದ್ದಾದರೆ, ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಮನೆಯ ಎಲ್ಲಾ ಸಾಲದ ಕಂತು ಸೇರಿ ಆದಾಯದ ಅರ್ಧ ದಾಟುವ ಹಾಗೆ ಹೊಸ ಸಾಲ ಕೊಡಲೂ ಬಾರದು. ಬೆದರಿಸಿ ವಸೂಲಿ ಮಾಡುವವರ ವಿರುದ್ಧ 2025ರಲ್ಲಿ ನಮ್ಮ ರಾಜ್ಯದಲ್ಲೂ ಕಾನೂನು ಬಂದಿದೆ. ಬಾಗಿಲಿಗೆ ಬಂದು ಗಲಾಟೆ ಮಾಡಿದರೆ ಪೊಲೀಸರಿಗೆ ದೂರು ಕೊಡಬಹುದು. ಕಂತು ತಪ್ಪುವ ಮೊದಲೇ ಅವರ ಕಚೇರಿಗೆ ಹೋಗಿ, ಕೆಲಸ ಹೋಗಿದೆ, ಅವಧಿ ವಿಸ್ತರಿಸಿ ಅಂತ ಬರವಣಿಗೆಯಲ್ಲಿ ಕೊಡಿ. ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಈ ಸಾಲ ತೀರಿಸೋಕೆ ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಲೇಬೇಡಿ.

ಸ್ಕೂಲಿನಲ್ಲೂ ಮುಖ್ಯೋಪಾಧ್ಯಾಯರನ್ನು ನೇರವಾಗಿ ಕಂಡು ಫೀಸನ್ನು ಕಂತಿನಲ್ಲಿ ಕಟ್ಟುತ್ತೇವೆ ಅಂತ ಕೇಳಿ. ಸಾಲದ ಕಾರ್ಡಿನಲ್ಲಿ ಬಾಕಿ ಎಷ್ಟು, ಬಡ್ಡಿ ಎಷ್ಟು ಅಂತ ನೋಡಿ, ಹೆಸರು ನಂಬರ್ ಮುಚ್ಚಿ ಇಲ್ಲಿ ಬರೆಯಿರಿ. ಯಾವುದನ್ನು ಮೊದಲು ತೀರಿಸಬೇಕು ಅಂತ ಕೂತು ಲೆಕ್ಕ ಹಾಕೋಣ.